ಜಪಾನಿನ ನಾರಾದಲ್ಲಿರುವ ಬೀಗರ ಮನೆಗೆ ಮೊದಲ ಸಲ: ಏನು ಒಯ್ಯಬೇಕು, ಏನು ಉಣ್ಣಬೇಕು?

ತೀರ್ಥಹಳ್ಳಿ ಸೊಸೆ · ಫೆಬ್ರವರಿ 11

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮೈದುನ ಏಳು ವರ್ಷದಿಂದ ಒಸಾಕಾದಲ್ಲಿದ್ದಾನೆ. ಹೋದ ವರ್ಷ ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಮದುವೆ ಅಂದರೆ ನಗರಸಭೆಯಂಥ ಕಚೇರಿಗೆ ಹೋಗಿ ಕಾಗದ ಕೊಟ್ಟು ಬಂದದ್ದು, ಅಷ್ಟೇ. ವಾದ್ಯ ಇಲ್ಲ, ಊಟ ಇಲ್ಲ, ನಾವಂತೂ ಇರಲೇ ಇಲ್ಲ. ಅತ್ತೆಗೆ ಆ ಸಂಕಟ ಇನ್ನೂ ಇದೆ. ಸೊಸೆಯನ್ನು, ಬೀಗರನ್ನು ನೋಡಿದ್ದು ಬರೀ ಮೊಬೈಲಿನಲ್ಲಿ.

ಏಪ್ರಿಲ್ ಮೊದಲ ವಾರ ನಾವು ಐದು ಜನ ಹೊರಟಿದ್ದೇವೆ. ಮಾವನಿಗೆ 73, ಅತ್ತೆಗೆ 68, ನಾವಿಬ್ಬರು, ಒಂಬತ್ತು ವರ್ಷದ ಮಗ. ಹನ್ನೆರಡು ದಿನ. ಅದರಲ್ಲಿ ಒಂದು ದಿನ ಬೀಗರ ಮನೆಯಲ್ಲಿ ಊಟ. ಅವರಿಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ, ನಮಗೆ ಜಪಾನಿ ಬರುವುದಿಲ್ಲ.

ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ಮಾವ ಫೋನಿನಲ್ಲಿ ಮಾತಾಡಿದರೆ ಪಕ್ಕದ ಬೀದಿಗೆ ಕೇಳುತ್ತದೆ. ಬೀಗಿತ್ತಿಗೆ ಬಾಗಿನ ಕೊಡಲೇಬೇಕು ಅಂತ ಅತ್ತೆ ಆಗಲೇ ಪಟ್ಟಿ ಮಾಡಿದ್ದಾರೆ: ಸೀರೆ, ರವಿಕೆ ಕಣ, ಬಳೆ, ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮ, ತೆಂಗಿನಕಾಯಿ, ವೀಳ್ಯದೆಲೆ. ಮೈದುನನನ್ನು ಕೇಳಿದರೆ "ಏನೂ ಬೇಡ ಅತ್ತಿಗೆ, ಸುಮ್ನೆ ಬನ್ನಿ" ಅನ್ನುತ್ತಾನೆ. ಗಂಡಸರ ಉತ್ತರ ಗೊತ್ತಲ್ಲ.

ಗೊತ್ತಿರುವವರು ಹೇಳಿ.

ಬಿಡದಿ ಬಾಲು · ಫೆಬ್ರವರಿ 11

ಮೇಡಂ, ಮೊದಲು ಊಟದ ವಿಷಯ. ನಾನು ಕಾರು ಕಾರ್ಖಾನೆಯ ತರಬೇತಿಗೆ ಐಚಿ ಕಡೆ ಎಂಟು ತಿಂಗಳು ಇದ್ದೆ. ಮಾಂಸ ಬೇಡ ಅಂದರೆ ಮೀನು ಕೊಡುತ್ತಿದ್ದರು. ಮೀನು ಬೇಡ ಅಂದರೆ ತುಂಡು ತೆಗೆದು ಸಾರು ಕೊಡುತ್ತಿದ್ದರು. ತಪ್ಪು ಅವರದ್ದಲ್ಲ. ಅವರ ಅಡುಗೆಗೆ ಬುನಾದಿ ದಾಶಿ ಅನ್ನುವ ತಿಳಿಸಾರು. ಒಣಗಿಸಿ ಹೊಗೆ ಹಾಕಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು, ಅದನ್ನೂ ಕೊಂಬು ಅನ್ನುವ ಕಡಲ ಪಾಚಿಯನ್ನೂ ನೀರಿಗೆ ಹಾಕಿ ತೆಗೆದದ್ದು. ಮಿಸೊ ಸಾರು, ಉದೊನ್, ಸೊಬಾ ಅನ್ನುವ ಶ್ಯಾವಿಗೆಗಳು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದೇ. ನಮ್ಮಲ್ಲಿ ಒಗ್ಗರಣೆ ಹಾಕಿದ್ದೀರಾ ಅಂತ ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಅದು ಇದೆ ಅಂತ ಹೇಳಬೇಕು ಅಂತಲೂ ಅವರಿಗೆ ಹೊಳೆಯುವುದಿಲ್ಲ.

ನಾನು ಮೂರು ತಿಂಗಳು ದಿನಾ ಉದೊನ್ ಉಂಡೆ. ಒಂದು ದಿನ ಹೋಟೆಲಿನ ಒಳಗೆ ಅಜ್ಜ ಒಬ್ಬರು ಮರದ ತುಂಡನ್ನು ಹೆರೆಯುತ್ತಿದ್ದರು. ಬಡಗಿ ಕೆಲಸ ಅಂದುಕೊಂಡೆ. ಆ ಹೊಟ್ಟನ್ನು ತೆಗೆದು ಪಾತ್ರೆಗೆ ಹಾಕಿದರು ನೋಡಿ, ಆಗ ಗೊತ್ತಾಯಿತು. ನಾನಿನ್ನೂ ಮನೆಯಲ್ಲಿ ಹೇಳಿಲ್ಲ.

ನಿಶಿಕಸಾಯ್ ವಾಸಿ · ಫೆಬ್ರವರಿ 12

ಬಾಲು ಅವರು ಹೇಳಿದ್ದು ಸರಿ. ಆದರೆ ಹೆದರಬೇಡಿ, ದಾರಿ ಇದೆ. "ವೆಜಿಟೇರಿಯನ್" ಅನ್ನುವ ಪದ ನಂಬಬೇಡಿ. ನಿಮ್ಮ ವಾರಗಿತ್ತಿಯಿಂದ ಜಪಾನಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ, ಕೊಂಬು ದಾಶಿ, ಶಿಟಾಕೆ ಅಣಬೆಯ ದಾಶಿ ಆಗಬಹುದು. ಬೌದ್ಧ ದೇವಾಲಯದ ಅಡುಗೆಯನ್ನು ಶೋಜಿನ್ ರ್ಯೋರಿ ಅನ್ನುತ್ತಾರೆ. ಅದರಲ್ಲಿ ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೀಗರಿಗೆ ಆ ಎರಡು ಪದ ಹೇಳಿದರೆ ಸಾಕು, ವಿವರಣೆ ಬೇಡ. ಅವರಿಗೆ ಅದು ಫ್ಯಾಶನ್ ಅಲ್ಲ, ಮಡಿ ಊಟ.

ಒಂದು ರಾತ್ರಿ ಕೋಯಾಸಾನ್ ಬೆಟ್ಟದ ಮೇಲೆ ದೇವಾಲಯದಲ್ಲೇ ಉಳಿಯಿರಿ. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕೇಬಲ್ ಕಾರ್, ಎರಡು ಗಂಟೆ ಮೇಲೆ ಸ್ವಲ್ಪ. ಕೆಲವು ದೇವಾಲಯಗಳಲ್ಲಿ ಬೆಳಿಗ್ಗೆ ಗೋಮ ನಡೆಯುತ್ತದೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಹೋಮ. ಅಗ್ನಿಗೆ ಸಮಿತ್ತು ಹಾಕಿ ಮಂತ್ರ ಹೇಳುತ್ತಾರೆ. ನಿಮ್ಮ ಮಾವ ಎದ್ದು ಬರುವುದಿಲ್ಲ, ಬರೆದಿಟ್ಟುಕೊಳ್ಳಿ.

ತೆಂಗಿನಕಾಯಿ, ವೀಳ್ಯದೆಲೆ, ಕರಿಬೇವು ಬ್ಯಾಗಿಗೆ ಹಾಕಬೇಡಿ. ಹಸಿ ಕಾಯಿ, ಹಣ್ಣು, ಎಲೆಗೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅತ್ತೆ ಮಾವನ ಮಾತ್ರೆ ಒಂದು ತಿಂಗಳಿಗಾಗುವಷ್ಟೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. ನೆಗಡಿ ಮಾತ್ರೆ ಒಯ್ಯುವ ಮುಂಚೆ ಹಿಂಭಾಗ ಓದಿ. ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ನಿಷಿದ್ಧ.

ಆಮೇಲೆ, ರೈಲು ಪಾಸ್ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಏಳು ದಿನದ ಜೆಆರ್ (ಜಪಾನ್ ರೈಲ್ವೆ) ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ ಒಂದೇ ಏಟಿಗೆ 50,000 ಆಯಿತು. ಒಸಾಕಾದಿಂದ ನಾರಾಕ್ಕೆ ಖಾಸಗಿ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ.

ಕಾಫಿಪುಡಿ · ಫೆಬ್ರವರಿ 12

ಕೋಪ ಮಾಡಿಕೊಳ್ಳಬೇಡಿ, ಆದರೂ ಹೇಳುತ್ತೇನೆ. ಅಷ್ಟು ದುಡ್ಡು ಖರ್ಚು ಮಾಡಿ ಹೋಗಿ, ಅಲ್ಲಿಯೂ ಚಟ್ನಿಪುಡಿ ಅವಲಕ್ಕಿ ತಿನ್ನುವುದಾದರೆ ಹೋಗುವುದು ಯಾಕೆ? ಎಲ್ಲಿ ಹೋದರೂ ನಾವು ಮನೆಯನ್ನೇ ಹೊತ್ತುಕೊಂಡು ಹೋಗುತ್ತೇವೆ. ಬೇರೆಯವರ ಸಂಸ್ಕೃತಿ ನೋಡುವುದು ಅಂದರೆ ಅವರು ತಿಂದದ್ದು ತಿನ್ನುವುದು.

ಧಾರವಾಡದ ಅವ್ವ · ಫೆಬ್ರವರಿ 12

ತಮ್ಮಾ, ಅಕಿ ಟೂರಿಗೆ ಹೊಂಟಿಲ್ಲ, ಬೀಗರ ಮನಿಗೆ ಹೊಂಟಾಳ. ಅರವತ್ತೆಂಟು ವರ್ಷ ಒಂದು ನೇಮ ಹಿಡಿದಾಕಿ ಹನ್ನೆರಡು ದಿನಕ್ಕಂತ ಯಾಕ ಬಿಡಬೇಕು? ಅವರ ನೇಮ ನಾವು ಕಾಯೋಣು, ನಮ್ಮ ನೇಮ ಅವರು ಕಾಯಲಿ. ಬೀಗರು ಅಂದ್ರ ಅಷ್ಟ.

ಕಾಫಿಪುಡಿ · ಫೆಬ್ರವರಿ 12

ಸರಿ ಅವ್ವಾ, ಸೋತೆ.

ನಿಶಿಕಸಾಯ್ ವಾಸಿ · ಫೆಬ್ರವರಿ 13

ನಿನ್ನೆ ಬಾಗಿನದ ಪಟ್ಟಿ ಸರಿಯಾಗಿ ಓದಿರಲಿಲ್ಲ. ಅದರಲ್ಲಿ ಬಾಚಣಿಗೆ ಇದೆ! ಜಪಾನಿಯಲ್ಲಿ ಬಾಚಣಿಗೆಗೆ "ಕುಶಿ" ಅನ್ನುತ್ತಾರೆ. "ಕು" ಅಂದರೆ ಕಷ್ಟ, "ಶಿ" ಅಂದರೆ ಸಾವು, ಹೀಗೆ ಒಡೆದು ಕೇಳುವವರು ಹಳೇ ಕಾಲದವರಲ್ಲಿ ಇದ್ದಾರೆ. ಹಾಗಾಗಿ ಉಡುಗೊರೆಯಾಗಿ ಕೊಡುವುದಕ್ಕೆ ಹಿಂದೆ ಮುಂದೆ ನೋಡುತ್ತಾರೆ. ನಾಲ್ಕು ಅನ್ನುವುದಕ್ಕೂ "ಶಿ" ಅನ್ನುವುದರಿಂದ ಯಾವುದನ್ನೂ ನಾಲ್ಕು ನಾಲ್ಕು ಕೊಡಬೇಡಿ. ಬಳೆ ಎಣಿಸಿ.

ಹೊನ್ನಾವರ ಎಕ್ಸ್‌ಪ್ರೆಸ್ · ಫೆಬ್ರವರಿ 13

ನಮ್ಮ ಕಡೆ ಖುಷಿ ಅಂದರೆ ಸಂತೋಷ, ಅವರ ಕಡೆ ಕುಶಿ ಅಂದರೆ ಕಷ್ಟ ಸಾವು. ಮದುವೆಯಾದವರು ಯಾರಾದರೂ ಇದಕ್ಕೆ ಟಿಪ್ಪಣಿ ಬರೆಯಿರಿ.

ಲೆಕ್ಕದ ಮೇಷ್ಟ್ರು · ಫೆಬ್ರವರಿ 14

ನಾನು ಜಪಾನಿಗೆ ಹೋದವನಲ್ಲ. ನಿವೃತ್ತಿಯಾದ ಮೇಲೆ ಮೊಮ್ಮಗಳ ಪಕ್ಕ ಕೂತು ಆ ಲಿಪಿ ಕಲಿತೆ. ಮೊದಲ ದಿನವೇ ಬೆಚ್ಚಿಬಿದ್ದೆ. ಅ ಇ ಉ ಎ ಒ. ಆಮೇಲೆ ಕ ಸ ತ ನ ಹ ಮ ಯ ರ ವ. ನಮ್ಮ ವರ್ಣಮಾಲೆಯೇ! ಚ ಇರಬೇಕಾದಲ್ಲಿ ಸ ಕೂತಿದೆ, ಪ ಇರಬೇಕಾದಲ್ಲಿ ಹ ಕೂತಿದೆ, ಅಷ್ಟೇ ವ್ಯತ್ಯಾಸ. ಸಂಸ್ಕೃತದ ಅಕ್ಷರ ಕಲಿತ ಬೌದ್ಧ ಭಿಕ್ಷುಗಳ ಕೈಯಿಂದ ಬಂದ ಕ್ರಮ ಇದು. ವಾಕ್ಯವೂ ನಮ್ಮ ಹಾಗೇ, ಕ್ರಿಯಾಪದ ಕೊನೆಗೆ. ಮಾತಿನ ತುದಿಗೆ ಅವರು "ನೆ" ಅಂತ ಸೇರಿಸುವುದು ನಮ್ಮ "ಅಲ್ವಾ" ಇದ್ದ ಹಾಗೆ. ನಿಮ್ಮ ಮಗನಿಗೆ ಹೇಳಿಕೊಡಿ, ಹದಿನೈದು ದಿನದಲ್ಲಿ ಫಲಕ ಓದುತ್ತಾನೆ.

ನಾರಾಕ್ಕೆ ಹೋಗುತ್ತಿದ್ದೀರಿ ಅಂತ ಇದನ್ನೂ ಹೇಳುತ್ತೇನೆ. ಅಲ್ಲಿಯ ತೋದಾಯ್‌ಜಿಯಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಇದ್ದಾನೆ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಹೋದ ಭಿಕ್ಷು, ಬೋಧಿಸೇನ. ಚೀನಾದ ದಾರಿಯಾಗಿ 736ರಲ್ಲಿ ಜಪಾನ್ ಸೇರಿದವನು. ಅವನ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ಸೇರಿದ್ದವರು ಅವನ್ನು ಹಿಡಿದುಕೊಂಡಿದ್ದರು. ಕಣ್ಣು ತೆರೆಸುವ ಪುಣ್ಯದಲ್ಲಿ ಎಲ್ಲರಿಗೂ ಪಾಲು ಸಿಗಲಿ ಅಂತ. ನಮ್ಮ ಪ್ರತಿಷ್ಠಾಪನೆಯ ನೇತ್ರೋನ್ಮೀಲನ ನೆನಪಾಗುವುದಿಲ್ಲವಾ? ಆ ಕುಂಚ ಈಗಲೂ ಅಲ್ಲಿಯ ಶೋಸೋಇನ್ ಭಂಡಾರದಲ್ಲಿದೆ.

ಉಡುಗೊರೆಗೆ ಒಂದು ಲೆಕ್ಕ. ಮದುವೆಗೆ ಅವರೂ ಲಕೋಟೆಯಲ್ಲಿ ದುಡ್ಡು ಕೊಡುತ್ತಾರೆ, ಹೊಸ ನೋಟು. ಸ್ನೇಹಿತರಾದರೆ 30,000 ಯೆನ್ ಅನ್ನುವುದು ವಾಡಿಕೆ. 20,000 ಯಾಕಲ್ಲ? ಎರಡು ಪಾಲಾಗುತ್ತದೆ, ಗಂಡ ಹೆಂಡತಿ ಬೇರೆಯಾದಂತೆ ಅಂತ ಭಾವನೆ. ನಾವು ನೂರಕ್ಕೆ ಒಂದು ರೂಪಾಯಿ ಸೇರಿಸುವ ಹಾಗೆ.

ನಿಶಿಕಸಾಯ್ ವಾಸಿ · ಫೆಬ್ರವರಿ 14

ಮೇಷ್ಟ್ರೇ, ಅದ್ಭುತ. ಒಂದೇ ವಿನಂತಿ. ಬೀಗರ ಮುಂದೆ "ಇದೆಲ್ಲಾ ನಮ್ಮಿಂದಲೇ ಬಂದದ್ದು" ಅಂತ ಯಾರೂ ಶುರು ಮಾಡಬೇಡಿ. ನಮ್ಮವರು ಹಾಗೆ ಹೇಳುವುದನ್ನು ಹದಿಮೂರು ವರ್ಷದಿಂದ ನೋಡುತ್ತಿದ್ದೇನೆ. ಎದುರಿಗಿದ್ದವರು "ಹೌದಾ, ಹೌದಾ" ಅನ್ನುತ್ತಾರೆ. ಅದು ಒಪ್ಪಿಗೆ ಅಲ್ಲ.

ತೀರ್ಥಹಳ್ಳಿ ಸೊಸೆ · ಫೆಬ್ರವರಿ 20

ಎಲ್ಲರಿಗೂ ಥ್ಯಾಂಕ್ಸ್. ಬಾಚಣಿಗೆ ಸುದ್ದಿ ಹೇಳಿದೆ. ಅತ್ತೆ ಅರ್ಧ ಗಂಟೆ ಮಾತಾಡಲಿಲ್ಲ. ಬಾಚಣಿಗೆ ಇಲ್ಲದ ಬಾಗಿನ ಯಾವ ಸೀಮೆಯದು ಅಂತ. ಕೊನೆಗೆ ತೆಗೆದಿಟ್ಟರು. ಬದಲಿಗೆ ಚನ್ನಪಟ್ಟಣದ ಕುಂಕುಮ ಭರಣಿ ಇಟ್ಟರು. ಮೈಸೂರ್ ಸ್ಯಾಂಡಲ್ ಸೋಪು ಐದು, ಚಿಕ್ಕಮಗಳೂರಿನ ಕಾಫಿಪುಡಿ, ಗೋಡಂಬಿ ಬೇರೆ.

ಹೊಸ ತೊಂದರೆ. ಮೈದುನ ಕೋಬೆ ಹತ್ತಿರದ ಅರಿಮಾ ಅನ್ನುವ ಊರಿನಲ್ಲಿ ಬಿಸಿನೀರಿನ ಬುಗ್ಗೆಯ ವಸತಿ ಹಿಡಿದಿದ್ದಾನೆ. ಅಲ್ಲಿ ಎಲ್ಲರೂ ಒಟ್ಟಿಗೆ, ಮೈಮೇಲೆ ಏನೂ ಇಲ್ಲದೆ ಸ್ನಾನ ಮಾಡುತ್ತಾರಂತೆ! ಗಂಡಸರು ಹೆಂಗಸರು ಬೇರೆ ಬೇರೆ, ಆದರೂ. ಅತ್ತೆಗೆ ಇನ್ನೂ ಹೇಳಿಲ್ಲ. ನನಗೇ ಧೈರ್ಯ ಇಲ್ಲ.

ಬಿಡದಿ ಬಾಲು · ಫೆಬ್ರವರಿ 20

ಹ್ಹಹ್ಹ. ಮೊದಲ ಸಲ ನಾನು ಚಡ್ಡಿ ಹಾಕಿಕೊಂಡೇ ಒಳಗೆ ಹೋದೆ. ಯಾರೂ ಬಯ್ಯಲಿಲ್ಲ. ತೊಟ್ಟಿಯಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹೊರಟುಹೋದರು. ಪಾಪ, ನನಗಾಗಿ ಜಾಗ ಬಿಟ್ಟುಕೊಟ್ಟರು ಅಂದುಕೊಂಡೆ. ಎರಡನೇ ಸಲ ಸಹೋದ್ಯೋಗಿ ಜೊತೆಗೆ ಬಂದು ತೋರಿಸಿಕೊಟ್ಟ. ಹೊರಗೆ ಸಣ್ಣ ಮಣೆ ಇರುತ್ತದೆ, ಅದರ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ಮೈ ತೊಳೆದುಕೊಳ್ಳಬೇಕು. ಆಮೇಲೆ ತೊಟ್ಟಿಗೆ. ತೊಟ್ಟಿ ಇರುವುದು ತೊಳೆಯುವುದಕ್ಕಲ್ಲ, ಸುಮ್ನೆ ಕೂರುವುದಕ್ಕೆ. ಕೈಟವೆಲ್ ನೀರಿಗೆ ಅದ್ದಬಾರದು, ತಲೆ ಮೇಲೆ ಇಟ್ಟುಕೊಳ್ಳುತ್ತಾರೆ.

ನಿಶಿಕಸಾಯ್ ವಾಸಿ · ಫೆಬ್ರವರಿ 20

ಬಹಳಷ್ಟು ವಸತಿಗಳಲ್ಲಿ ಒಂದು ಕುಟುಂಬಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸ್ನಾನದ ಮನೆ ಇರುತ್ತದೆ. ಕಶಿಕಿರಿ ಅಂತ ಕೇಳಿ. ಬಾಗಿಲು ಹಾಕಿಕೊಳ್ಳಬಹುದು. ನೀವು, ಅತ್ತೆ ಒಬ್ಬೊಬ್ಬರೇ ಹೋಗಿ.

ಅಲ್ಲಿ ಕೊಡುವ ಯುಕಾತಾ ನಿಲುವಂಗಿಯ ಎಡಭಾಗ ಮೇಲೆ ಬರಬೇಕು. ಬಲಭಾಗ ಮೇಲೆ ಬರುವಂತೆ ಸುತ್ತುವುದು ಹೆಣಕ್ಕೆ.

ಸುಮ್ನೆ ಓದುವವ · ಫೆಬ್ರವರಿ 22

ಮೊದಲ ಸಲ ಬರೆಯುತ್ತಿದ್ದೇನೆ. ಹೋಗಿ ಬಂದವರೆಲ್ಲ ಜಪಾನ್ ಸ್ವಚ್ಛ, ನಾವು ಗಲೀಜು ಅಂತಾರೆ. ಬೀದಿಯಲ್ಲಿ ಕಸದ ಡಬ್ಬಿಯೇ ಇಲ್ಲವಂತೆ, ಆದರೂ ಕಸ ಇಲ್ಲವಂತೆ. ನಮ್ಮ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ.

ಬಿಡದಿ ಬಾಲು · ಫೆಬ್ರವರಿ 22

ಡಬ್ಬಿ ಮುಂಚೆ ಇತ್ತು ಸಾರ್. 1995ರಲ್ಲಿ ಟೋಕಿಯೋ ಮೆಟ್ರೊದಲ್ಲಿ ಒಂದು ಪಂಥದವರು ಸರಿನ್ ವಿಷಾನಿಲ ಬಿಟ್ಟರು. ಅದಾದ ಮೇಲೆ ಭಯಕ್ಕೆ ಎಷ್ಟೋ ಕಡೆ ತೆಗೆದರು. ಜನ ಕಸವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಬಾಟಲಿಗೆ ಒಂದು ದಿನ. ನಾನು ತಪ್ಪು ದಿನ ಇಟ್ಟ ಚೀಲಕ್ಕೆ ಚೀಟಿ ಅಂಟಿಸಿ ಬಾಗಿಲಲ್ಲೇ ಬಿಟ್ಟಿದ್ದರು. ಬುದ್ಧಿ ಹುಟ್ಟಿನಿಂದ ಬರುವುದಿಲ್ಲ, ಚೀಟಿಯಿಂದ ಬರುತ್ತದೆ.

ಮೇಡಂ, ಮಗನ ಜೇಬಿಗೆ ಒಂದು ಪ್ಲಾಸ್ಟಿಕ್ ಚೀಲ ಇಡಿ.

ಕಾಫಿಪುಡಿ · ಫೆಬ್ರವರಿ 23

ನನ್ನದೂ ಒಂದು ಇರಲಿ. ಕ್ಯೋತೋದಲ್ಲಿ ಒಂದು ಸಣ್ಣ ಹೋಟೆಲು. ಹುಡುಗಿ ಏನೋ ತೋರಿಸಿ "ಆಗಬಹುದಾ" ಅನ್ನುವಂತೆ ಕೇಳಿದಳು. ನಾನು ನಮ್ಮೂರಿನ ಹಾಗೆ ತಲೆ ಆಡಿಸಿದೆ. ಅವಳು ತಟ್ಟೆ ಹಿಂದಕ್ಕೆ ಒಯ್ದಳು. ನಾನು ಕೈ ಸನ್ನೆ ಮಾಡಿದೆ, ತಂದಳು. ಮತ್ತೆ ಕೇಳಿದಳು, ಮತ್ತೆ ತಲೆ ಆಡಿಸಿದೆ, ಮತ್ತೆ ಒಯ್ದಳು. ಮೂರನೇ ಸಲಕ್ಕೆ ಒಳಗಿಂದ ಯಜಮಾನರೇ ಬಂದು ಬಗ್ಗಿ ಕ್ಷಮೆ ಕೇಳಿದರು. ಹೌದು ಅನ್ನುವುದಕ್ಕೆ ಮೇಲೆ ಕೆಳಗೆ ಮಾತ್ರ ಆಡಿಸಿ. ಮಾವನವರಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿ.

ಟಿಪ್ಸ್ ಬಿಡಬೇಡಿ. ನಾನು ಮೇಜಿನ ಮೇಲೆ ಬಿಟ್ಟ 300 ಯೆನ್ ಹಿಡಿದುಕೊಂಡು ಅದೇ ಹುಡುಗಿ ಬೀದಿ ತುದಿತನಕ ಓಡಿ ಬಂದಳು. ಅವಳ ಪಾಲಿಗೆ ಅವತ್ತು ನಾನು ದೊಡ್ಡ ಶನಿ.

ತೀರ್ಥಹಳ್ಳಿ ಸೊಸೆ · ಫೆಬ್ರವರಿ 23

ನನಗೆ ಹೆದರಿಕೆ ಆಗುವುದು ಇದೇ. ಬಾಲು ಅವರು ಚಡ್ಡಿ ಹಾಕಿಕೊಂಡು ಹೋದಾಗಲೂ ಯಾರೂ ಏನೂ ಹೇಳಲಿಲ್ಲ. ತಪ್ಪು ಮಾಡಿದರೆ ಬಯ್ದರಾದರೂ ಗೊತ್ತಾಗುತ್ತದೆ. ಬಾಯಿ ಬಿಟ್ಟು ಹೇಳುವುದೇ ಇಲ್ಲ ಅಂದರೆ ನಾವು ತಿಳಿದುಕೊಳ್ಳುವುದು ಹೇಗೆ?

ನಿಶಿಕಸಾಯ್ ವಾಸಿ · ಫೆಬ್ರವರಿ 24

ಅಕ್ಕಾ, ಹದಿಮೂರು ವರ್ಷಕ್ಕೆ ನನಗೂ ಪೂರ್ತಿ ಬಂದಿಲ್ಲ. ಆದರೆ ಒಂದು ಗುಟ್ಟು. ಅವರು "ಚೊತ್ತೋ..." ಅಂತ ಎಳೆದು ಮಾತು ನಿಲ್ಲಿಸಿದರೆ ಅದು "ಇಲ್ಲ". ಪದದ ಅರ್ಥ "ಸ್ವಲ್ಪ" ಅಂತ, ಅಷ್ಟೇ. ಮುಂದಿನದ್ದನ್ನು ನಾವೇ ಪೂರ್ತಿ ಮಾಡಿಕೊಳ್ಳಬೇಕು. ಮೊದಮೊದಲು ನನಗೆ ಇದು ಕಪಟ ಅನ್ನಿಸಿತ್ತು. ಆಮೇಲೆ ನಮ್ಮಪ್ಪನ "ನೋಡೋಣ" ನೆನಪಾಯಿತು. ಸೈಕಲ್ ಕೊಡಿಸಿ ಅಂದಾಗ ಅಪ್ಪ "ನೋಡೋಣ" ಅಂದರೆ ಅದು ಇಲ್ಲ ಅಂತ ನಮಗೆ ಯಾರು ಹೇಳಿಕೊಟ್ಟಿದ್ದರು?

ಕ್ಯೋತೋದವರ ಬಗ್ಗೆ ಒಂದು ಹಳೇ ತಮಾಷೆ ಇದೆ. ಅತಿಥಿ ಎದ್ದು ಹೋಗದಿದ್ದರೆ ಮನೆಯವರು "ಬುಬುಜುಕೆ ತಗೊಳ್ಳುತ್ತೀರಾ" ಅನ್ನುತ್ತಾರಂತೆ. ಚಹಾ ಸುರಿದ ಅನ್ನ. ಆಗ "ಆಗಲಿ, ಕೊಡಿ" ಅನ್ನಬಾರದು, ಚಪ್ಪಲಿ ಹಾಕಿಕೊಳ್ಳಬೇಕು.

ಧಾರವಾಡದ ಅವ್ವ · ಫೆಬ್ರವರಿ 24

ಅದರಾಗ ಏನು ವಿಶೇಷ? ನಮ್ಮಲ್ಲಿ ಅರಿಶಿನ ಕುಂಕುಮ, ಎಲಿ ಅಡಿಕಿ ಕೈಗೆ ಕೊಟ್ಟರ ಏನರ್ಥ? ಇನ್ನು ಹೊರಡ್ರಿ ಅಂತ. ಬಾಯಿಲೆ ಯಾರರ ಅಂತಾರೇನು!

ಹೊನ್ನಾವರ ಎಕ್ಸ್‌ಪ್ರೆಸ್ · ಫೆಬ್ರವರಿ 24

ಬೆಂಗಳೂರಿನವರದ್ದು ಬಿಟ್ಟಿರಿ ಅವ್ವಾ. "ಕಾಫಿ ಕುಡಿದುಕೊಂಡೇ ಬಂದಿರುತ್ತೀರಲ್ಲ?"

ನಿಶಿಕಸಾಯ್ ವಾಸಿ · ಮಾರ್ಚ್ 28

ಹೊರಡುವ ದಿನ ಹತ್ತಿರ ಬಂತು ಅಂತ ಕೊನೆಯ ನಾಲ್ಕು ಮಾತು. ಅಯ್ಯೋ, ನಾಲ್ಕು ಬೇಡ, ಐದು. ರೈಲಿನಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಮನೆಯೊಳಗೆ ಚಪ್ಪಲಿ ಬಿಟ್ಟು ಸ್ಲಿಪ್ಪರ್, ತತಾಮಿ ಚಾಪೆಯ ಮೇಲೆ ಸ್ಲಿಪ್ಪರೂ ಬಿಡಬೇಕು, ಶೌಚಾಲಯಕ್ಕೆ ಬೇರೆ ಸ್ಲಿಪ್ಪರ್, ಅದನ್ನು ಅಲ್ಲೇ ಬಿಟ್ಟು ಬರಬೇಕು. ಊಟದ ಕಡ್ಡಿ ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಸತ್ತವರ ತಲೆದೆಸೆಯಲ್ಲಿ ಇಡುವ ಅನ್ನಕ್ಕೆ ಹಾಗೆ ಚುಚ್ಚುತ್ತಾರೆ. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು, ಅದು ದಹನದ ಮೇಲೆ ಅಸ್ಥಿ ಆರಿಸುವ ರೀತಿ. ಎಸ್ಕಲೇಟರಿನಲ್ಲಿ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಯಾಕೆ ಅಂತ ಒಸಾಕಾದವರನ್ನು ಕೇಳಬೇಡಿ, ರೈಲು ತಪ್ಪುತ್ತದೆ.

ತೀರ್ಥಹಳ್ಳಿ ಸೊಸೆ · ಏಪ್ರಿಲ್ 21

ಬಂದೆವು. ನಿದ್ದೆ ಇನ್ನೂ ಸರಿಹೋಗಿಲ್ಲ, ಆದರೂ ಬರೆಯದೆ ಇದ್ದರೆ ತಪ್ಪಾಗುತ್ತದೆ.

ಮಾವ ಎಲ್ಲರಿಗಿಂತ ಚೆನ್ನಾಗಿ ನಡೆದುಕೊಂಡರು. ಮೊದಲ ದಿನ ರೈಲಿನಲ್ಲಿ ಫೋನ್ ಬಂತು, ಎತ್ತಿ "ಹಲೋ" ಅಂದರು, ಬೋಗಿಯೇ ಬೆಚ್ಚಿತು. ಅವರೇ ಬೆವೆತು ಇಟ್ಟುಬಿಟ್ಟರು. ಆಮೇಲೆ ಮಗ ಏನಾದರೂ ಕೇಳಿದರೂ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಅತ್ತೆ ಹೇಳಿದ್ದು: "ನಲವತ್ತೇಳು ವರ್ಷ ನನ್ನ ಕೈಲಿ ಆಗದ್ದನ್ನು ಒಂದು ರೈಲು ಮಾಡಿತು."

ಅರಿಮಾದಲ್ಲಿ ಬೇರೆ ಕೋಣೆ ಸಿಕ್ಕಿತು. ನೀರು ಕೆಂಪು ಮಣ್ಣಿನ ಬಣ್ಣ, ಕಬ್ಬಿಣದ ಅಂಶವಂತೆ. ಅತ್ತೆ ಬಾಗಿಲಲ್ಲೇ ನಿಂತು "ಇದು ಮಳೆಗಾಲದ ತುಂಗೆ" ಅಂದರು. ಮೈ ತೊಳೆದುಕೊಂಡು ಇಳಿಯಬೇಕು ಅಂದಾಗ "ಮತ್ತೆ? ಕೊಳೆ ಮೈಯಲ್ಲಿ ಯಾರಾದರೂ ಕಲ್ಯಾಣಿಗೆ ಇಳಿಯುತ್ತಾರಾ?" ಅಂದು ನನ್ನನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಐವತ್ತು ನಿಮಿಷ ಬರಲಿಲ್ಲ. ನಮ್ಮ ಊರಿನ ಬಚ್ಚಲು, ಹಂಡೆ, ಎಣ್ಣೆಸ್ನಾನದ ಮೇಲೆ ಬೆಳೆದವರು, ನಾನು ಸುಮ್ನೆ ಹೆದರಿದ್ದೆ. ರಾತ್ರಿ ಮತ್ತೆ ಹೋಗೋಣ ಅಂದವರೂ ಅವರೇ. ಶೌಚಾಲಯದ ಬಗ್ಗೆ ಒಂದೇ ಮಾತು: ಗುಂಡಿ ಒತ್ತಿದರೆ ನೀರು ಬರುತ್ತದೆ. ಯೂರೋಪಿಗೆ ಹೋಗಿ ಬಂದ ನನ್ನ ತಂಗಿ ಹೊಟ್ಟೆ ಉರಿದುಕೊಂಡಳು.

ಕೋಯಾಸಾನ್ ಬಗ್ಗೆ ಬೇರೆಯೇ ಬರೆಯಬೇಕು. ಗೋಮದಿಂದ ಮಾವ ಎದ್ದು ಬರಲಿಲ್ಲ, ಬರೆದಿಟ್ಟುಕೊಂಡಿದ್ದೆ.

ಈಗ ನಾರಾ. ಬೆಳಿಗ್ಗೆ ಬುದ್ಧನನ್ನು ನೋಡಿದೆವು. ಮೇಷ್ಟ್ರೇ, ಮಾವನಿಗೆ ನೀವು ಬರೆದದ್ದನ್ನು ಅಲ್ಲೇ ಓದಿ ಹೇಳಿದೆ. ಬಹಳ ಹೊತ್ತು ಮುಖವನ್ನೇ ನೋಡುತ್ತಾ ನಿಂತಿದ್ದರು. "ಅಷ್ಟು ಎತ್ತರಕ್ಕೆ ಹತ್ತಿದನಾ ಆ ಮನುಷ್ಯ?" ಅಂತ ಮಾತ್ರ ಕೇಳಿದರು. ಹೊರಗೆ ಜಿಂಕೆಗಳು ಬಿಸ್ಕತ್ತಿಗೆ ತಲೆ ಬಗ್ಗಿಸುತ್ತವೆ, ಕೊಡದಿದ್ದರೆ ಸೀರೆ ಸೆರಗು ಎಳೆಯುತ್ತವೆ. ಅತ್ತೆಯ ಸೆರಗಿನ ತುದಿ ಈಗ ನಾರಾದಲ್ಲಿದೆ.

ಮಧ್ಯಾಹ್ನ ಬೀಗರ ಮನೆ. ಬಾಗಿಲಿನ ತಗ್ಗಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಟ್ಟೆವು, ಅದು ನಮ್ಮನೆ ಹಾಗೇ. ತಿರುಗಿ ನೋಡಿದರೆ ನಮ್ಮ ಹತ್ತು ಚಪ್ಪಲಿಗಳನ್ನೂ ಬೀಗಿತ್ತಿ ಮಂಡಿಯೂರಿ ಬಾಗಿಲ ಕಡೆ ಮುಖ ಮಾಡಿ ಜೋಡಿಸುತ್ತಿದ್ದರು. ಅತ್ತೆ ಓಡಿ ಹೋಗಿ ಕೈ ಹಿಡಿದರು. ಬೀಗರು ಚಪ್ಪಲಿ ಮುಟ್ಟುವುದಾ! ಅವರು ಬಿಡಿಸಿಕೊಳ್ಳುತ್ತಾರೆ, ಇವರು ಬಿಡುವುದಿಲ್ಲ. ಇಬ್ಬರೂ ನೆಲದ ಮೇಲೆ. ವಾರಗಿತ್ತಿ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದಳು. ಭಾಷೆ ಬಾರದ ತೊಂದರೆ ಅಲ್ಲಿಗೆ ಮುಗಿಯಿತು.

ಊಟಕ್ಕೆ ಏಳೆಂಟು ಸಣ್ಣ ಬಟ್ಟಲು. ಎಳ್ಳಿನ ಹಿಟ್ಟಿನದ್ದೊಂದು ಮುದ್ದೆಯಂಥದ್ದು, ಕುಂಬಳ, ಬಿದಿರಿನ ಕಳಲೆ. ಕಳಲೆ ನೋಡಿ ಅತ್ತೆಯ ಮುಖ ಅರಳಿತು, ನಮ್ಮಲ್ಲಿ ಮಳೆಗಾಲಕ್ಕೆ, ಅವರಲ್ಲಿ ವಸಂತಕ್ಕೆ. ಎಲ್ಲ ಕೊಂಬು, ಶಿಟಾಕೆ ಸಾರಿನಲ್ಲೇ ಮಾಡಿದ್ದು. ಮೀನಿನ ಸಾರು ಕಾಸಿದ ಪಾತ್ರೆ ಬೇಡ ಅಂತ ಹೊಸ ಪಾತ್ರೆ ಕೊಂಡಿದ್ದರಂತೆ. ಅದನ್ನು ಅವರು ಹೇಳಲಿಲ್ಲ. ಮೈದುನ ಮೂರು ದಿನ ಬಿಟ್ಟು ಹೇಳಿದ.

ತಪ್ಪೂ ಆಯಿತು. ಅಷ್ಟು ಹೇಳಿಕೊಟ್ಟಿದ್ದರೂ ಮಗ ನೀರು ಕುಡಿಯಲು ಕಡ್ಡಿಯನ್ನು ಅನ್ನಕ್ಕೆ ಚುಚ್ಚಿದ. ನನ್ನ ಎದೆ ಧಸಕ್ಕೆಂದಿತು. ಬೀಗರು ಏನೂ ಹೇಳಲಿಲ್ಲ, ನೋಡಿದಂತೆಯೂ ಕಾಣಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ತಮ್ಮ ಕಡ್ಡಿಯನ್ನು ಎತ್ತಿ, ಮಗನಿಗೆ ಕಾಣುವ ಹಾಗೆ, ಮುಂದಿದ್ದ ಸಣ್ಣ ಪಿಂಗಾಣಿ ಮೀನಿನ ಮೇಲೆ ಅಡ್ಡ ಇಟ್ಟರು. ಮತ್ತೆ ಎತ್ತಿ ಮತ್ತೆ ಇಟ್ಟರು. ಮಗನೂ ಇಟ್ಟ. ಫೆಬ್ರವರಿಯಲ್ಲಿ ಕೇಳಿದ್ದೆನಲ್ಲ, ಹೇಳದಿದ್ದರೆ ಗೊತ್ತಾಗುವುದು ಹೇಗೆ ಅಂತ.

ಹೊರಡುವಾಗ ಅತ್ತೆ ಬಾಗಿನ ಕೊಟ್ಟರು, ಬೀಗಿತ್ತಿಯ ಹಣೆಗೆ ಕುಂಕುಮ ಇಟ್ಟರು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಚ್ಚದೆ ಒಳಗೆ ಇಟ್ಟರು. ತಾವೂ ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟರು. ಅವರ ಮುಂದೆ ಬಿಚ್ಚಬಾರದು ಅಂತ ನಾವೂ ಬಿಚ್ಚಲಿಲ್ಲ. ನಮ್ಮ ಟ್ಯಾಕ್ಸಿ ತಿರುವು ದಾಟುವವರೆಗೂ ಇಬ್ಬರೂ ರಸ್ತೆಯಲ್ಲಿ ನಿಂತು ಕೈ ಬೀಸುತ್ತಿದ್ದರು. ಮಾವ ಹಿಂದಿನ ಗಾಜಿನಿಂದ ಬೀಸುತ್ತಲೇ ಇದ್ದರು, ತಿರುವು ದಾಟಿದ ಮೇಲೂ.

ಒಸಾಕಾಕ್ಕೆ ಬಂದು ಪೊಟ್ಟಣ ಬಿಚ್ಚಿದರೆ, ಒಳಗೆ ಮರದ ಬಾಚಣಿಗೆ.

ಹೊನ್ನಾವರ ಎಕ್ಸ್‌ಪ್ರೆಸ್ · ಏಪ್ರಿಲ್ 21

ಏನು!! ಕಷ್ಟ ಸಾವು ಅಂತ ಇವರನ್ನು ಹೆದರಿಸಿ ಅವರೇ ಕೊಟ್ಟರಾ? ನಿಶಿಕಸಾಯ್ ಅವರೇ, ಎಲ್ಲಿದ್ದೀರಿ?

ತೀರ್ಥಹಳ್ಳಿ ಸೊಸೆ · ಏಪ್ರಿಲ್ 21

ಮೈದುನನ ಕೆಲಸ. ಬಾಗಿನ ಅಂದರೆ ಏನು ಅಂತ ಬೀಗಿತ್ತಿ ಅವನನ್ನು ಕೇಳಿದ್ದರಂತೆ. ಅವನು ಅಮ್ಮನ ಹಳೇ ಪಟ್ಟಿ ಹೇಳಿದ್ದಾನೆ, ಬಾಚಣಿಗೆ ಸೇರಿಸಿ. ನಾವು ತೆಗೆದದ್ದು ಅವನಿಗೆ ಗೊತ್ತಿಲ್ಲ. ನಿಮ್ಮ ಪದ್ಧತಿಯಲ್ಲಿ ಬಾಚಣಿಗೆ ಶುಭ ಅಂತ ಅವರು ಹುಡುಕಿ ತಂದಿದ್ದಾರೆ.

ನಿಶಿಕಸಾಯ್ ವಾಸಿ · ಏಪ್ರಿಲ್ 22

ಇದ್ದೇನೆ, ತಲೆ ತಗ್ಗಿಸಿಕೊಂಡು. ನಾನು ಅರ್ಧ ಮಾತ್ರ ಹೇಳಿದ್ದೆ. ಅದೇ "ಕು" "ಶಿ" ಇಟ್ಟುಕೊಂಡು ಇನ್ನೊಂದು ಮಾತೂ ಇದೆ. ಹಿಂದೆ ಗಂಡು ಹೆಣ್ಣಿಗೆ ಬಾಚಣಿಗೆ ಕೊಟ್ಟರೆ "ಕಷ್ಟದಲ್ಲೂ ಜೊತೆ, ಸಾಯುವ ತನಕ ಜೊತೆ" ಅಂತ ಅರ್ಥ ಮಾಡುತ್ತಿದ್ದರಂತೆ, ಮದುವೆಗೆ ಕೇಳಿದ ಹಾಗೆ. ಹಳದಿ ಬಣ್ಣದ, ನುಣುಪಾದ ಮರವಾ? ಹಾಗಿದ್ದರೆ ಅದು ತ್ಸುಗೆ ಮರದ್ದು. ಕೈಯಲ್ಲಿ ಮಾಡುತ್ತಾರೆ, ಬಹಳ ವರ್ಷ ಬಾಳುತ್ತದೆ. ಅತ್ತೆಯವರಿಗೆ ಹೇಳಿ, ನೀರಿನಲ್ಲಿ ತೊಳೆಯಬಾರದು. ಆಗಾಗ ಎಣ್ಣೆ ಹಚ್ಚಬೇಕು. ಅಲ್ಲಿ ಕ್ಯಾಮೆಲಿಯಾ ಬೀಜದ ಎಣ್ಣೆ ಹಚ್ಚುತ್ತಾರೆ.

ತೀರ್ಥಹಳ್ಳಿ ಸೊಸೆ · ಏಪ್ರಿಲ್ 22

ಹೌದು, ಹಳದಿ. ಅತ್ತೆ ನಿನ್ನೆಯೇ ಕೊಬ್ಬರಿ ಎಣ್ಣೆ ಹಚ್ಚಿ ದೇವರ ಮನೆಯಲ್ಲಿ ಇಟ್ಟಿದ್ದಾರೆ. ತಲೆ ಮಾತ್ರ ಹಳೇ ಪ್ಲಾಸ್ಟಿಕ್ ಬಾಚಣಿಗೆಯಲ್ಲೇ ಬಾಚಿಕೊಳ್ಳುತ್ತಿದ್ದಾರೆ.